ಅಳಿಸಲೂ ಜಾಗ ಬೇಕು

2023ರ ಆಗಸ್ಟ್ 29, ಮಂಗಳವಾರ. ಜಪಾನಿನಲ್ಲಿರುವ ಟೊಯೋಟಾ ಕಂಪನಿಯ 14 ಜೋಡಣಾ ಕಾರ್ಖಾನೆಗಳು, ಅವುಗಳ ಒಟ್ಟು 28 ಲೈನುಗಳು ಸ್ತಬ್ಧವಾದವು. ಭೂಕಂಪ ಆಗಿರಲಿಲ್ಲ, ಮುಷ್ಕರ ನಡೆದಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ಹಿಂದಿನ ವರ್ಷ ಬಿಡಿಭಾಗ ಒದಗಿಸುವ ಒಂದು ಸಂಸ್ಥೆಯ ಮೇಲೆ ಸೈಬರ್ ದಾಳಿಯಾಗಿ ಇದೇ ಕಾರ್ಖಾನೆಗಳು ಒಂದು ದಿನ ನಿಂತಿದ್ದವು. ಹಾಗಾಗಿ ಎಲ್ಲರ ಅನುಮಾನವೂ ಮೊದಲು ಅತ್ತಲೇ ಹೋಯಿತು. ಈ ಸಲದ ಕಾರಣ ಅದಾಗಿರಲಿಲ್ಲ.

ಸೆಪ್ಟೆಂಬರ್ 6ರಂದು ಕಂಪನಿಯೇ ಕಾರಣವನ್ನು ತಿಳಿಸಿತು. ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಆಗಸ್ಟ್ 27ರಂದು ಎಂದಿನ ನಿರ್ವಹಣೆಯ ಕೆಲಸ ನಡೆದಿತ್ತು. ಡೇಟಾಬೇಸಿನಲ್ಲಿ ಕೂಡಿಬಿದ್ದಿದ್ದ ಮಾಹಿತಿಯನ್ನು ಅಳಿಸಿ ಓರಣ ಮಾಡುತ್ತಿರುವಾಗ ಡಿಸ್ಕಿನಲ್ಲಿ ಜಾಗ ಸಾಲದೆ ವ್ಯವಸ್ಥೆ ನಿಂತುಹೋಯಿತು. ಕೈಕೊಟ್ಟರೆ ನೆರವಿಗೆ ಬರಬೇಕಾಗಿದ್ದ ಬದಲಿ ಏರ್ಪಾಡೂ ಅದೇ ವ್ಯವಸ್ಥೆಯ ಭಾಗವಾಗಿದ್ದರಿಂದ ಅದಕ್ಕೂ ಅದೇ ಗತಿ ಬಂತು. ಹೆಚ್ಚು ಜಾಗವಿದ್ದ ಸರ್ವರಿಗೆ ಮಾಹಿತಿಯನ್ನು ಸಾಗಿಸಿದ ಮೇಲೆ, ಆಗಸ್ಟ್ 30ರಂದು ಲೈನುಗಳು ಮತ್ತೆ ಓಡಿದವು.

ಇಲ್ಲಿ ವ್ಯವಸ್ಥೆ ಕುಸಿದದ್ದು ಹಳೆಯ ಮಾಹಿತಿಯನ್ನು ಶುಚಿ ಮಾಡುವ ಹೊತ್ತಿನಲ್ಲೇ. ವ್ಯಾಪಾರ ವ್ಯವಹಾರದ ಕಂಪ್ಯೂಟರುಗಳಲ್ಲಿ ಯಾರೂ ಓದದ ಸಂದೇಶ, ವರದಿ, ಅಂಚೆಗಳು ಹೇಗೆ ಕೂಡಿಬೀಳುತ್ತವೆ, ಅವನ್ನು ತೆಗೆಯುವುದು ಯಾಕೆ ಕಾಣುವಷ್ಟು ಸಲೀಸಲ್ಲ ಎಂಬುದು ಈ ಅಧ್ಯಾಯದ ವಿಷಯ.

ಹೊಸೂರು ರಸ್ತೆಯ ಪ್ರಶ್ನೆ

ಟೊಯೋಟಾದ ಸುದ್ದಿ ಜಪಾನಿನದಾದರೂ ಅದರ ಒಳಗಿನ ಪ್ರಶ್ನೆ ನಮ್ಮ ಹೊಸೂರಿನದೂ ಹೌದು. ಬೆಂಗಳೂರಿನಿಂದ ಎಲೆಕ್ಟ್ರಾನಿಕ್ ಸಿಟಿ, ಚಂದಾಪುರ, ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು ಸಿಗುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ ಊರು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಇಲ್ಲಿ ಲಾರಿ ಕಾರ್ಖಾನೆ ತೆರೆಯಿತು. ಅದೇ ವರ್ಷ ಟಿವಿಎಸ್ 50 ಮೊಪೆಡ್ ಇಲ್ಲಿಂದ ರಸ್ತೆಗೆ ಇಳಿಯಿತು. ಆ ದಶಕ ಮುಗಿಯುವ ಮುನ್ನ ಟೈಟಾನ್ ಗಡಿಯಾರಗಳೂ ಇಲ್ಲಿ ತಯಾರಾಗತೊಡಗಿದವು. ಈ ದೊಡ್ಡ ಕಾರ್ಖಾನೆಗಳ ಸುತ್ತ ಗಿಯರ್, ಬೋಲ್ಟು, ರಬ್ಬರ್ ಸೀಲು, ಎರಕದ ಭಾಗಗಳನ್ನು ಮಾಡುವ ಸಣ್ಣ ಮತ್ತು ಮಧ್ಯಮ ಘಟಕಗಳು ಬೆಳೆದವು. ಡೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ಹಳ್ಳಿಗಳಿಂದ ಶಿಫ್ಟಿಗೆ ಬರುವವರಲ್ಲಿ ಕನ್ನಡದ ಮನೆಗಳವರೂ ಇದ್ದಾರೆ.

ಇಂಥ ಊರಿನಲ್ಲಿ ಭಾಗ ತಯಾರಾದರಷ್ಟೇ ಸಾಲದು. ಅದರ ಜೊತೆಗೆ ಡೆಲಿವರಿ ಚಲನ್ ಬೇಕು, ಇನ್‌ವಾಯ್ಸ್ ಬೇಕು, ಗೇಟ್ ಪಾಸ್ ಬೇಕು. ಕಾಗದ ಸಿಗದಿದ್ದರೆ ಲೋಡ್ ಆದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಆ ಕಾಗದ ಹುಟ್ಟುವುದು ಕಂಪ್ಯೂಟರಿನಲ್ಲಿ. ಹಿಂದೆ ಅದನ್ನು ನೋಡಿಕೊಳ್ಳುತ್ತಿದ್ದ ವಿಭಾಗಕ್ಕೆ ಕಾರ್ಖಾನೆಗಳಲ್ಲಿ ಇಡಿಪಿ (ಎಲೆಕ್ಟ್ರಾನಿಕ್ ಡೇಟಾ ಪ್ರೊಸೆಸಿಂಗ್) ಎನ್ನುತ್ತಿದ್ದರು. ಈಗ ಐಟಿ ಎನ್ನುತ್ತಾರೆ.

ಮಧ್ಯಮ ಗಾತ್ರದ ಯಂತ್ರ

ಬ್ಯಾಂಕು, ರೈಲ್ವೆಯಂಥ ಬೃಹತ್ ಸಂಸ್ಥೆಗಳ ಮೇನ್‌ಫ್ರೇಮಿಗೂ ಮೇಜಿನ ಮೇಲಿನ ಪಿಸಿಗೂ ನಡುವೆ ಇನ್ನೊಂದು ವರ್ಗವಿದೆ. ಒಂದು ಕಾರ್ಖಾನೆಯ ಲೆಕ್ಕಪತ್ರ, ಸ್ಟೋರ್ಸ್, ಸಂಬಳ, ಮಾರಾಟ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ನಡೆಸುವ ಮಿಡ್‌ರೇಂಜ್ ಕಂಪ್ಯೂಟರ್ ಅದು. ಈ ವರ್ಗದ ಅತಿ ಹೆಸರಾದ ಯಂತ್ರ ಐಬಿಎಂನ ಎಎಸ್/400. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಊರಿನಲ್ಲಿ ರೂಪುಗೊಂಡು 1988ರ ಜೂನ್ 21ರಂದು ಮಾರುಕಟ್ಟೆಗೆ ಬಂತು. ಮುಂದೆ ಐಸೀರೀಸ್ ಎಂದಾಯಿತು, ಆಮೇಲೆ ಸಿಸ್ಟಮ್ ಐ. 2008ರಿಂದ ಅದರ ಕಾರ್ಯವ್ಯವಸ್ಥೆಗೆ ಐಬಿಎಂ ಐ ಎಂದು ಹೆಸರು. ಹಳೆಯ ಕೆಲಸಗಾರರು ಇವತ್ತಿಗೂ ಅದನ್ನು ಎಎಸ್/400 ಎಂದೇ ಕರೆಯುತ್ತಾರೆ.

ಭಾರತದ ಮಟ್ಟಿಗೆ ಇದಕ್ಕೊಂದು ಹಿನ್ನೆಲೆಯಿದೆ. ವಿದೇಶಿ ಪಾಲುದಾರಿಕೆಯ ನಿಯಮಗಳಿಗೆ ಒಪ್ಪದೆ ಐಬಿಎಂ 1978ರಲ್ಲಿ ದೇಶ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳ ನಿರ್ವಹಣೆಯನ್ನು ಸರ್ಕಾರಿ ಸಂಸ್ಥೆ ಸಿಎಂಸಿ ವಹಿಸಿಕೊಂಡಿತು. ಎಎಸ್/400 ಹುಟ್ಟುವಾಗ ಐಬಿಎಂ ಇಲ್ಲಿ ಇರಲೇ ಇಲ್ಲ. 1992ರಲ್ಲಿ ಟಾಟಾ ಜೊತೆಗೂಡಿ ಅದು ಮರಳಿತು. ಆ ಜಂಟಿ ಸಂಸ್ಥೆ ನೆಲೆಯಾದದ್ದು ಬೆಂಗಳೂರಿನಲ್ಲಿ, ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ.

ಈ ಯಂತ್ರದ ಒಳರಚನೆಯ ಒಂದು ವಿಶೇಷ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಇದು ಮೆಮೊರಿ ಮತ್ತು ಡಿಸ್ಕುಗಳನ್ನು ಬೇರೆಬೇರೆ ಎಂದು ಎಣಿಸುವುದಿಲ್ಲ. ಎಲ್ಲವೂ ಒಂದೇ ವಿಳಾಸಗಳ ಬಯಲು. ಒಂದು ಫೈಲನ್ನು ಯಾವ ಡಿಸ್ಕಿನಲ್ಲಿ ಇಡಬೇಕು ಎಂದು ಆಪರೇಟರ್ ತಲೆಕೆಡಿಸಿಕೊಳ್ಳಬೇಕಿಲ್ಲ. ಯಂತ್ರವೇ ಅದನ್ನು ತುಂಡುತುಂಡಾಗಿ ಡಿಸ್ಕುಗಳ ಮೇಲೆ ಹರಡುತ್ತದೆ. ಅನುಕೂಲ ದೊಡ್ಡದು, ಅದಕ್ಕೆ ತಕ್ಕ ಅಪಾಯವೂ ಇದೆ. ಎಲ್ಲವೂ ಒಂದೇ ಬಯಲಿನಲ್ಲಿ ಇರುವುದರಿಂದ ಯಾರೂ ಓದದ ಸಂದೇಶಗಳು ಆ ಬಯಲನ್ನು ತುಂಬಿದರೆ ಸಂಬಳದ ಫೈಲಿಗೂ ಜಾಗ ಇಲ್ಲವಾಗುತ್ತದೆ.

ಯಂತ್ರದ ಅಂಚೆ

ಎಎಸ್/400 ಮಾತುಗಾರ ಯಂತ್ರ. ಕೆಲಸ ಶುರುವಾದರೆ ಹೇಳುತ್ತದೆ, ಮುಗಿದರೆ ಹೇಳುತ್ತದೆ, ಪ್ರಿಂಟರಿನಲ್ಲಿ ಕಾಗದ ಮುಗಿದರೆ ಹೇಳುತ್ತದೆ, ಯಾರಾದರೂ ತಪ್ಪು ಪಾಸ್‌ವರ್ಡ್ ಒತ್ತಿದರೂ ಹೇಳುತ್ತದೆ. ಈ ಮಾತುಗಳೆಲ್ಲ ಮೆಸೇಜ್ ಕ್ಯೂ ಎಂಬ ಸಾಲುಗಳಲ್ಲಿ ಸೇರುತ್ತವೆ. ಪ್ರತಿ ಬಳಕೆದಾರನಿಗೂ ಒಂದು ಸಾಲು, ಪ್ರತಿ ಟರ್ಮಿನಲ್ಲಿಗೂ ಒಂದು, ಎಲ್ಲಕ್ಕಿಂತ ಮುಖ್ಯವಾಗಿ ಸಿಸ್ಟಮ್ ಆಪರೇಟರನದೊಂದು.

ಇವುಗಳಲ್ಲಿ ಎರಡು ಜಾತಿ. ಒಂದು ಬರೀ ಮಾಹಿತಿ: ‘ಇಂಥ ಕೆಲಸ ಮುಗಿಯಿತು’. ಓದಿದರೂ ಸರಿ, ಬಿಟ್ಟರೂ ಸರಿ. ಇನ್ನೊಂದು ಪ್ರಶ್ನೆ. ಯಂತ್ರ ಏನೋ ಕೇಳಿ, ಮನುಷ್ಯನ ಉತ್ತರ ಬರುವವರೆಗೆ ಕೆಲಸ ನಿಲ್ಲಿಸಿ ಕೂತಿರುತ್ತದೆ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಹೊಸೂರಿನ ಬಿಡಿಭಾಗದ ಘಟಕವೊಂದರಲ್ಲಿ ರಾತ್ರಿ ಪಾಳಿ ಎಂದಿಟ್ಟುಕೊಳ್ಳಿ. ಬೆಳಗಿನ ಲಾರಿಗೆ ಹೋಗಬೇಕಾದ ಇನ್‌ವಾಯ್ಸುಗಳು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಅಚ್ಚಾಗಬೇಕು. ಅದಕ್ಕೆ ಕಂಪನಿಯ ಹೆಸರು ಮೊದಲೇ ಅಚ್ಚಾಗಿರುವ, ಅಂಚಿನಲ್ಲಿ ತೂತುಗಳಿರುವ ಮೂರು ಪ್ರತಿಯ ಕಾಗದ ಬೇಕು. ಪ್ರಿಂಟರಿನಲ್ಲಿ ಮಾಮೂಲಿ ಕಾಗದ ಇದೆ. ಯಂತ್ರ ಆಪರೇಟರನ ಸಾಲಿಗೆ ಪ್ರಶ್ನೆ ಹಾಕುತ್ತದೆ: ಇಂಥ ನಮೂನೆಯ ಕಾಗದವನ್ನು ಇಂಥ ಪ್ರಿಂಟರಿಗೆ ಹಾಕಿ. ಪಕ್ಕದಲ್ಲೇ ಒಂದೊಂದು ಅಕ್ಷರದ ಆಯ್ಕೆಗಳು. ‘ಜಿ’ ಒತ್ತಿದರೆ ಮುಂದುವರಿಸು, ‘ಸಿ’ ಒತ್ತಿದರೆ ರದ್ದು, ‘ಎಚ್’ ಒತ್ತಿದರೆ ತಡೆಹಿಡಿ. ಆಪರೇಟರ್ ಕಾಗದ ಬದಲಿಸಿ ‘ಜಿ’ ಒತ್ತಿದರೆ ಮುಗಿಯಿತು. ಬೆಳಿಗ್ಗೆ ಆರಕ್ಕೆ ಲಾರಿ ಹೊರಡುತ್ತದೆ.

ಆದರೆ ಆ ಸಾಲಿನಲ್ಲಿ ಈಗಾಗಲೇ ಸಾವಿರಾರು ಮಾಹಿತಿ ಸಂದೇಶಗಳು ತುಂಬಿದ್ದರೆ? ಪರದೆಯ ಮೇಲೆ ಪುಟದ ಮೇಲೆ ಪುಟ ‘ಮುಗಿಯಿತು, ಮುಗಿಯಿತು’ ಎಂಬ ಸಾಲುಗಳು ಉರುಳುತ್ತಿರುವಾಗ, ನಡುವೆ ಬಂದ ಒಂದು ಪ್ರಶ್ನೆ ಕಣ್ಣಿಗೆ ಬೀಳದೆ ಹೋಗುವ ಸಾಧ್ಯತೆ ಹೆಚ್ಚು. ಕೆಲಸ ‘ಸಂದೇಶಕ್ಕೆ ಕಾಯುತ್ತಿದೆ’ ಎಂಬ ಸ್ಥಿತಿಯಲ್ಲಿ ನಿಂತಿರುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಬಿಡುವ ಸಾಲಿನಲ್ಲಿ ಹಾಗೆ ನಿಂತರೆ ಅದರ ಹಿಂದಿನ ಸ್ಟಾಕ್ ವರದಿ, ಸಂಬಳದ ಲೆಕ್ಕ ಎಲ್ಲವೂ ನಿಲ್ಲುತ್ತವೆ. ತುಂಬಿದ ಸಾಲಿನ ಮೊದಲ ಕೇಡು ಇದೇ. ಡಿಸ್ಕು ತುಂಬುವ ಬಹಳ ಮೊದಲೇ ಮನುಷ್ಯನ ಗಮನ ತುಂಬಿಹೋಗಿರುತ್ತದೆ.

ಎಲ್ಲಿಂದ ಬರುತ್ತದೆ ಇಷ್ಟೊಂದು?

ಸಂದೇಶಗಳು ಒಂದು ಪಾಲು ಮಾತ್ರ. ಕೆಲಸವೊಂದು ಮುಗಿದಾಗ ತಾನು ಏನೇನು ಮಾಡಿದೆ ಎಂಬ ದಿನಚರಿಯನ್ನು ಅದು ಬಿಟ್ಟುಹೋಗಬಹುದು. ಅದೇ ಜಾಬ್ ಲಾಗ್. ಅಚ್ಚಾಗಲು ಕಾದಿರುವ ವರದಿಗಳೆಲ್ಲ ಸ್ಪೂಲ್ ಫೈಲುಗಳು. ಡೇಟಾಬೇಸಿನಲ್ಲಿ ಆದ ಪ್ರತಿ ಬದಲಾವಣೆಯನ್ನೂ ಬರೆದಿಡುವುದು ಜರ್ನಲ್. ಇವಲ್ಲದೆ ನಿಜವಾದ ಇಮೇಲೂ ಇದೆ. ಎಎಸ್/400 ತಾನೇ ಅಂಚೆ ಕಳಿಸಬಲ್ಲದು. ಮೇಲ್ ಸರ್ವರ್ ಫ್ರೇಮ್‌ವರ್ಕ್ ಎಂಬ ಭಾಗ ಹೊರಡುವ ಪತ್ರಗಳನ್ನು ಸಾಲಿನಲ್ಲಿ ಇಟ್ಟುಕೊಂಡು ಒಂದೊಂದಾಗಿ ಸಾಗಿಸುತ್ತದೆ. ತಪ್ಪು ವಿಳಾಸದ ಅಥವಾ ಹಾಳಾದ ಒಂದು ಪತ್ರ ಗಂಟಲಲ್ಲಿ ಸಿಕ್ಕಿಕೊಂಡರೆ ಹಿಂದಿನವು ಜಮೆಯಾಗುತ್ತವೆ.

ಕೆಲಸ ಬಿಟ್ಟುಹೋದವರ ಸಾಲುಗಳು ಇನ್ನೊಂದು ಮೂಲ. ನೌಕರನೊಬ್ಬ ಹೊರಟಾಗ ಅವನ ಹೆಸರಿನಲ್ಲಿ ಫೈಲು, ಪ್ರೋಗ್ರಾಮುಗಳಿರುತ್ತವೆಂದು ಅವನ ಖಾತೆಯನ್ನು ಅಳಿಸದೆ ನಿಷ್ಕ್ರಿಯ ಮಾಡಿ ಬಿಡುವುದು ರೂಢಿ. ಅವನ ಮೆಸೇಜ್ ಕ್ಯೂ ಅಲ್ಲೇ ಉಳಿಯುತ್ತದೆ. ಯಾವುದೋ ಹಳೆಯ ಪ್ರೋಗ್ರಾಮು ಪ್ರತಿ ರಾತ್ರಿ ಅವನಿಗೆ ಒಂದು ಸಂದೇಶ ಹಾಕುತ್ತಲೇ ಇರುತ್ತದೆ. ಅದನ್ನು ತೆರೆಯುವವರು ಯಾರೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 4,000 ಕೆಲಸಗಳು ನಡೆದು, ಒಂದೊಂದೂ 25 ಕೆಬಿಯ ಲಾಗ್ ಬಿಟ್ಟರೆ ದಿನಕ್ಕೆ 100 ಎಂಬಿ, ವರ್ಷಕ್ಕೆ ಸುಮಾರು 36 ಜಿಬಿ. ಇವತ್ತಿನ ಡಿಸ್ಕಿಗೆ ಅದು ಹೆಚ್ಚಲ್ಲ. ಕೆಲವೇ ಜಿಬಿ ಡಿಸ್ಕಿದ್ದ 1990ರ ದಶಕದ ಯಂತ್ರಕ್ಕೆ ಅದೊಂದೇ ಸಾಕಿತ್ತು, ತಿಂಗಳೆರಡು ತಿಂಗಳಲ್ಲಿ ಉಸಿರು ಕಟ್ಟಿಸಲು. ಡಿಸ್ಕು ದೊಡ್ಡದಾದ ಈ ಕಾಲದಲ್ಲೂ ಲಾಗುಗಳ ಸಂಖ್ಯೆ ತೊಂದರೆ ಕೊಡುತ್ತದೆ. ಯಾವ ಕೆಲಸದ ಸ್ಪೂಲ್ ಫೈಲು ಇನ್ನೂ ಇದೆಯೋ ಆ ಕೆಲಸದ ಗುರುತು ಸಾಮಾನ್ಯವಾಗಿ ಯಂತ್ರದ ಪಟ್ಟಿಯಲ್ಲಿ ಉಳಿದೇ ಇರುತ್ತದೆ. ಪಟ್ಟಿ ಉದ್ದವಾದಷ್ಟೂ ಯಂತ್ರವನ್ನು ಮರುಚಾಲನೆ ಮಾಡಲು ಹೆಚ್ಚು ಹೊತ್ತು ಬೇಕು.

ಅಳಿಸಿದರೂ ಹೋಗುವುದಿಲ್ಲ

ಡೇಟಾಬೇಸಿನಲ್ಲಿ ಒಂದು ದಾಖಲೆಯನ್ನು ಅಳಿಸಿದರೆ ಏನಾಗುತ್ತದೆ? ಹಲವರು ಅದು ಇದ್ದ ಜಾಗ ಕೂಡಲೇ ಖಾಲಿಯಾಯಿತೆಂದು ಭಾವಿಸುತ್ತಾರೆ. ಎಎಸ್/400ರ ಫೈಲಿನಲ್ಲಿ ಅಳಿಸಿದ ದಾಖಲೆಗೆ ‘ಇದು ಅಳಿದದ್ದು’ ಎಂಬ ಗುರುತು ಬೀಳುತ್ತದೆ, ಅಷ್ಟೇ. ಜಾಗ ಫೈಲಿನ ಹಿಡಿತದಲ್ಲೇ ಇರುತ್ತದೆ. ಹತ್ತು ಲಕ್ಷ ದಾಖಲೆಗಳಲ್ಲಿ ಒಂಬತ್ತು ಲಕ್ಷ ಅಳಿಸಿದರೂ ಡಿಸ್ಕಿನ ಮೇಲೆ ಫೈಲು ಅಷ್ಟೇ ದೊಡ್ಡದು. ತೆರವಾದ ಜಾಗಕ್ಕೆ ಹೊಸ ದಾಖಲೆಗಳನ್ನು ತುಂಬಲು ಫೈಲಿಗೆ ಮೊದಲೇ ಅನುಮತಿ ಕೊಟ್ಟಿರಬೇಕು. ಇಲ್ಲವೇ ಫೈಲನ್ನು ಮರುಜೋಡಣೆ ಮಾಡಬೇಕು. ಸಾಮಾನ್ಯ ಕ್ರಮದ ಮರುಜೋಡಣೆಯಲ್ಲಿ ಉಳಿದ ದಾಖಲೆಗಳ ಹೊಸ ಪ್ರತಿ ಸಿದ್ಧವಾದ ಮೇಲಷ್ಟೇ ಹಳೆಯದು ಹೋಗುತ್ತದೆ. ಸ್ವಲ್ಪ ಹೊತ್ತು ಎರಡೂ ಡಿಸ್ಕಿನ ಮೇಲೆ ಇರುತ್ತವೆ.

ಜರ್ನಲ್ ಇದ್ದರೆ ಇನ್ನೂ ಒಂದು ಹೆಜ್ಜೆ ಸೇರುತ್ತದೆ. ಪ್ರತಿ ಬದಲಾವಣೆಯನ್ನೂ ಬರೆದಿಡುವುದು ಅದರ ಕೆಲಸ. ಅಳಿಸುವುದೂ ಒಂದು ಬದಲಾವಣೆಯೇ. ಒಂಬತ್ತು ಲಕ್ಷ ದಾಖಲೆ ಅಳಿಸಿದರೆ ಒಂಬತ್ತು ಲಕ್ಷ ಅಳಿಸುವಿಕೆಗಳು ಜರ್ನಲಿನಲ್ಲಿ ದಾಖಲಾಗುತ್ತವೆ. ಅಂದರೆ ಶುಚಿ ಮಾಡಲು ಹೊರಟ ಮೊದಲ ಗಂಟೆಗಳಲ್ಲಿ ಡಿಸ್ಕು ಇನ್ನಷ್ಟು ತುಂಬುತ್ತದೆ. ಸ್ಪೂಲಿನದೂ ಇದೇ ಬಗೆ. ಅಳಿಸಿದ ಸ್ಪೂಲ್ ಫೈಲಿನ ಖಾಲಿ ಜಾಗವನ್ನು ಮುಂದೆ ಬೇಕಾದೀತೆಂದು ಯಂತ್ರ ಕೆಲವು ದಿನ ಇಟ್ಟುಕೊಳ್ಳುತ್ತದೆ. ಮೊದಲೇ ನಿಗದಿಯಾದ ಅವಧಿ 8 ದಿನ.

ಕೃಷ್ಣಗಿರಿಯ ಮಾವಿನ ತಿರುಳಿನ ಘಟಕಗಳ ಗೋದಾಮು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಡ್ರಮ್ಮುಗಳು ಬಾಗಿಲವರೆಗೂ ತುಂಬಿದ್ದರೆ ಹಿಂಬದಿಯ ಹಳೆಯ ಡ್ರಮ್ಮನ್ನು ಈಚೆಗೆ ತರಲು ಮುಂದಿನವನ್ನು ಸರಿಸಲು ನೆಲ ಬೇಕು, ಆ ನೆಲವೇ ಇರುವುದಿಲ್ಲ.

ಆದ್ದರಿಂದಲೇ ಈ ಯಂತ್ರಗಳಲ್ಲಿ ಎಚ್ಚರಿಕೆಯ ಗೆರೆಗಳನ್ನು ಮೊದಲೇ ಎಳೆದಿರುತ್ತಾರೆ. ಡಿಸ್ಕು ಶೇಕಡ 90 ತುಂಬಿದರೆ ಆಪರೇಟರಿಗೆ ಗಂಭೀರ ಎಚ್ಚರಿಕೆ ಹೋಗುತ್ತದೆ. ಖಾಲಿ ಜಾಗ ಶೇಕಡ 5ಕ್ಕೆ ಇಳಿದರೆ ಅದು ತುರ್ತು ಸ್ಥಿತಿ. ಎರಡನ್ನೂ ಬದಲಿಸಬಹುದು, ಯಂತ್ರ ಬರುವಾಗ ಇರುವ ಅಂಕಿ ಇವು. ಎಚ್ಚರಿಕೆ ಬರುವುದು ಆಪರೇಟರನ ಅದೇ ಸಂದೇಶದ ಸಾಲಿಗೆ. ಆ ಸಾಲು ಯಾರೂ ಓದದಂತೆ ತುಂಬಿದ್ದರೆ ಎಚ್ಚರಿಕೆಯೂ ಅದರಲ್ಲೇ ಹೂತುಹೋಗುತ್ತದೆ.

ಇದು ಒಂದು ಕಂಪನಿಯ ಯಂತ್ರದ ದೌರ್ಬಲ್ಯವಲ್ಲ. 2004ರ ಜನವರಿ 21ರಂದು ಮಂಗಳ ಗ್ರಹದ ಮೇಲೆ ನಾಸಾದ ಸ್ಪಿರಿಟ್ ರೋವರ್ ಸಂಪರ್ಕ ಕಡಿದುಕೊಂಡಿತು. ಭೂಮಿಯಿಂದ ಮಂಗಳಕ್ಕೆ ಸಾಗಿದ ಏಳು ತಿಂಗಳ ಪಯಣದಲ್ಲಿ ಕೂಡಿಬಿದ್ದಿದ್ದ ಫೈಲುಗಳು, ಇಳಿದ ಮೇಲಿನ ಹೊಸ ಫೈಲುಗಳು ಎಲ್ಲ ಸೇರಿ ಅವುಗಳ ಪಟ್ಟಿಯೇ ಮೆಮೊರಿಗೆ ಹಿಡಿಸದಾಯಿತು. ರೋವರ್ ಮರುಚಾಲನೆಯಾಗುತ್ತಿತ್ತು, ಪಟ್ಟಿ ತೆರೆಯಲು ಹೋಗಿ ಮತ್ತೆ ಬೀಳುತ್ತಿತ್ತು. 60ಕ್ಕೂ ಹೆಚ್ಚು ಸಲ ಹೀಗಾಯಿತು. ಆ ಫೈಲುಗಳಿದ್ದ ಫ್ಲ್ಯಾಶ್ ಮೆಮೊರಿಯನ್ನು ಮುಟ್ಟದೆ ಏಳುವಂತೆ ಎಂಜಿನಿಯರುಗಳು ಭೂಮಿಯಿಂದ ಆಜ್ಞೆ ಕಳಿಸಿ, ಹಳೆಯ ಫೈಲುಗಳನ್ನು ಅಳಿಸಿದರು. ಆಮೇಲೆ ಸ್ಪಿರಿಟ್ 2010ರವರೆಗೆ ಕೆಲಸ ಮಾಡಿತು.

ಶುಚಿಯ ಕ್ರಮ

ಎಎಸ್/400ರಲ್ಲಿ ಇದಕ್ಕೆಂದೇ ಕ್ಲೀನಪ್ ಎಂಬ ಮೆನು ಇದೆ. ಅನುಮತಿ ಕೊಟ್ಟರೆ ಅದು ದಿನವೂ ನಿಗದಿತ ಹೊತ್ತಿಗೆ ತಾನೇ ಓಡುತ್ತದೆ. ಯಾವುದನ್ನು ಎಷ್ಟು ದಿನ ಇಡಬೇಕು ಎಂಬ ಅಂಕಿಗಳೂ ಮೊದಲೇ ತುಂಬಿರುತ್ತವೆ: ಬಳಕೆದಾರರ ಸಂದೇಶ 7 ದಿನ, ಸಿಸ್ಟಮ್ ಮತ್ತು ಟರ್ಮಿನಲ್ ಸಂದೇಶ 4 ದಿನ, ಜಾಬ್ ಲಾಗುಗಳು 7 ದಿನ, ಸಿಸ್ಟಮ್ ಜರ್ನಲ್ ಮತ್ತು ಲಾಗುಗಳು 30 ದಿನ.

ಕೈಯಾರೆ ಅಳಿಸುವಾಗ ಒಂದು ವಿವೇಚನೆ ಬೇಕೇ ಬೇಕು. ಕ್ಲಿಯರ್ ಮೆಸೇಜ್ ಕ್ಯೂ ಎಂಬ ಆಜ್ಞೆಗೆ ಎರಡು ದಾರಿ: ಎಲ್ಲವನ್ನೂ ಅಳಿಸು, ಅಥವಾ ಉತ್ತರಿಸದ ಪ್ರಶ್ನೆಗಳನ್ನು ಉಳಿಸಿ ಮಿಕ್ಕದ್ದನ್ನು ಅಳಿಸು. ನಾವು ಏನೂ ಹೇಳದಿದ್ದರೆ ಯಂತ್ರ ಎಲ್ಲವನ್ನೂ ಅಳಿಸುತ್ತದೆ. ಆಗ ಉತ್ತರಕ್ಕೆ ಕಾದಿದ್ದ ಪ್ರಶ್ನೆಗಳಿಗೆ ಅವುಗಳ ವಿವರಣೆಯಲ್ಲಿ ಮೊದಲೇ ಬರೆದಿಟ್ಟ ಉತ್ತರ ಹೋಗುತ್ತದೆ. ಅದು ‘ರದ್ದು’ ಎಂಬುದೂ ಆಗಿರಬಹುದು. ಸಾಲು ಗುಡಿಸಿದ್ದೇನೆ ಎಂದುಕೊಂಡವನು ಅರ್ಧ ನಡೆದಿದ್ದ ಲೆಕ್ಕವನ್ನು ತನಗೆ ಗೊತ್ತಿಲ್ಲದೆಯೇ ಕಡಿದಿರುತ್ತಾನೆ.

ಅಂಚೆಯ ವಿಷಯದಲ್ಲೂ ಅಷ್ಟೇ. ಸಿಕ್ಕಿಕೊಂಡ ಪತ್ರದಿಂದಾಗಿ ಮೇಲ್ ಸರ್ವರ್ ಫ್ರೇಮ್‌ವರ್ಕ್ ನಿಂತರೆ ಅದನ್ನು ನಿಲ್ಲಿಸಿ ‘ಕ್ಲಿಯರ್’ ಆಯ್ಕೆಯೊಂದಿಗೆ ಮತ್ತೆ ಶುರುಮಾಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಅದು ಕೆಟ್ಟ ಪತ್ರದ ಜೊತೆಗೆ ಹೊರಡಲು ಕಾದಿದ್ದ ಒಳ್ಳೆಯ ಪತ್ರಗಳನ್ನೂ ಎಸೆಯುತ್ತದೆ. ಗಿರಾಕಿಗೆ ಹೋಗಬೇಕಾದ ಇನ್‌ವಾಯ್ಸ್ ಅದರಲ್ಲಿದ್ದರೆ ಯಾರಿಗೂ ಸುಳಿವು ಸಿಗದು. ಯಾವ ಕೆಲಸಗಳು ಪತ್ರ ಕಳಿಸುತ್ತಿದ್ದವು ಎಂದು ಮೊದಲು ಪಟ್ಟಿ ಮಾಡಿ, ಆಮೇಲೆ ಆ ಆಯ್ಕೆಗೆ ಕೈಹಾಕಬೇಕು.

ಎಲ್ಲಕ್ಕಿಂತ ಒಳ್ಳೆಯ ಶುಚಿ ಮೂಲದಲ್ಲೇ ಆಗುವಂಥದ್ದು. ಸರಿಯಾಗಿ ಮುಗಿದ ಕೆಲಸ ಲಾಗ್ ಬಿಡುವುದು ಬೇಡ, ಎಡವಿದ್ದು ಮಾತ್ರ ಬಿಡಲಿ ಎಂದು ಕೆಲಸದ ವಿವರಣೆಯಲ್ಲೇ ಹೇಳಬಹುದು. ಈ ಒಂದು ಬದಲಾವಣೆಯಿಂದ ರಾಶಿಯ ಬಹುಪಾಲು ಹುಟ್ಟುವುದೇ ಇಲ್ಲ. ಉಳಿಯುವ ಲಾಗುಗಳೆಲ್ಲ ನೋಡಲೇಬೇಕಾದವು.

ಭಾರತದಲ್ಲಿ ಕಾನೂನಿನ ಮಾತೂ ಇದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗುಗಳನ್ನು ಹಿಂದಿನ 180 ದಿನಗಳಷ್ಟು ಕಾಪಾಡಬೇಕು. 2013ರ ಕಂಪನಿ ಕಾಯ್ದೆ ಲೆಕ್ಕದ ಪುಸ್ತಕಗಳನ್ನು 8 ಹಣಕಾಸು ವರ್ಷ ಇಡಬೇಕೆನ್ನುತ್ತದೆ. ಯಂತ್ರದಲ್ಲಿ ಮೊದಲೇ ತುಂಬಿರುವ 7 ದಿನ, 30 ದಿನ ಎಂಬ ಅಂಕಿಗಳು ಈ ನಿಯಮಗಳನ್ನು ನೋಡಿ ಬರೆದವಲ್ಲ. ಕ್ಲೀನಪ್ ಓಡುವ ಮುನ್ನ ಬೇಕಾದ ಲಾಗುಗಳು ಟೇಪಿಗೋ ಬೇರೆ ಸಂಗ್ರಹಕ್ಕೋ ಹೋಗಿರಬೇಕು. ಆ ಪ್ರತಿ ಮರಳಿ ಓದಲು ಬರುತ್ತದೆಯೇ ಎಂದೂ ಪರೀಕ್ಷಿಸಿರಬೇಕು.

ಯಂತ್ರ ತಾನಾಗಿ ಏನನ್ನೂ ಮರೆಯುವುದಿಲ್ಲ. ಏನನ್ನು ಮರೆಯಬೇಕು, ಯಾವಾಗ ಮರೆಯಬೇಕು ಎಂಬ ತೀರ್ಮಾನ ಮನುಷ್ಯನದು. ಅದನ್ನು ಜಾಗ ಇರುವಾಗಲೇ ಮಾಡಬೇಕು. ಜಾಗ ಮುಗಿದ ಮೇಲೆ ಶುಚಿ ಮಾಡಹೊರಟರೆ ಶುಚಿಯೇ ಅಪಘಾತವಾಗುತ್ತದೆ. ಆದರೂ ನಮ್ಮ ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಹೆಸರಿಲ್ಲ, ಹೊಣೆಗಾರನಿಲ್ಲ, ಬಡ್ತಿಯ ಹೊತ್ತಿನಲ್ಲಿ ಅದನ್ನು ಎಣಿಸುವವರೂ ಇಲ್ಲ. ರಾತ್ರಿ ಪಾಳಿಯ ಆಪರೇಟರ್ ದಿನವೂ ಮಾಡುವ ಈ ಗುಡಿಸುವಿಕೆ ಗಿಯರ್ ಕತ್ತರಿಸುವಷ್ಟೇ ಉತ್ಪಾದನೆಯ ಕೆಲಸ.

ಹೊಸೂರಿನಲ್ಲಾಗಲಿ, ಪೀಣ್ಯದಲ್ಲಾಗಲಿ, ನಿಮ್ಮ ಸಂಸ್ಥೆಯಲ್ಲಿ ಇಂಥ ಯಂತ್ರವಿದ್ದರೆ ಈ ವಾರವೇ ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ: ಡಿಸ್ಕು ಶೇಕಡ ಎಷ್ಟು ತುಂಬಿದೆ, ಆಪರೇಟರನ ಸಾಲಿನಲ್ಲಿ ಉತ್ತರ ಸಿಗದೆ ಕಾದಿರುವ ಅತಿ ಹಳೆಯ ಪ್ರಶ್ನೆ ಯಾವ ದಿನದ್ದು, 180 ದಿನದ ಲಾಗುಗಳ ಪ್ರತಿ ಎಲ್ಲಿದೆ, ಬದಲಿ ಯಂತ್ರದ ಡಿಸ್ಕು ಬೇರೆಯೇ ಅಥವಾ ಅದೂ ಇದೇ ಡಿಸ್ಕನ್ನು ನೆಚ್ಚಿಕೊಂಡಿದೆಯೇ. ಇವಕ್ಕೆ ತಕ್ಷಣ ಉತ್ತರ ಹೇಳಬಲ್ಲವರು ಒಬ್ಬರಾದರೂ ಇದ್ದರೆ ಅವರ ಕೆಲಸಕ್ಕೆ ಹೆಸರು ಕೊಡಿ, ಸಮಯ ಕೊಡಿ. ಯಾರೂ ಇಲ್ಲದಿದ್ದರೆ ಇಂದೇ ಒಬ್ಬರನ್ನು ನೇಮಿಸಿ.